ಕಾಯಿಲೆ ಮರುಕಳಿಸೋ ಮುಂಚೆ ಯಾರಿಗೆ ಮೆಸೇಜ್ ಹೋಗಬೇಕು?

ನಮ್ಮ ಚಿಕ್ಕಮ್ಮನ ಮಗನಿಗೆ ಸ್ಕಿಜೋಫ್ರೇನಿಯಾ, ಇಲ್ಲದ್ದು ಕೇಳಿಸೋದು, ಅನುಮಾನ ಕಾಡೋದು, ಇಂಥ ಮಾನಸಿಕ ಕಾಯಿಲೆ. ಎರಡನೇ ಸಲ ಅಡ್ಮಿಟ್ ಆಗೋಕೆ ಎರಡು ವಾರ ಮುಂಚೆನೇ ಚಿಕ್ಕಮ್ಮ ಹೇಳಿದ್ರು, "ರಾತ್ರಿ ಎರಡು ಗಂಟೆಗೆ ಎದ್ದು ಚಿಲಕ ಮುಟ್ಟಿ ಮುಟ್ಟಿ ನೋಡ್ತಾನೆ ಕಣೋ, ಊಟಕ್ಕೆ ಕೂತ್ರೆ ನನ್ನ ತಟ್ಟೆ ಅವನು ತಗೊಂಡು ಅವನದ್ದು ನನಗೆ ಕೊಡ್ತಾನೆ" ಅಂತ. ಅಪಾಯಿಂಟ್‌ಮೆಂಟ್‌ಗೆ ಇನ್ನೂ ಒಂದು ತಿಂಗಳಿತ್ತು, ಅಲ್ಲೀವರೆಗೂ ನೋಡೋಣ ಅಂದ್ವಿ. ತಪ್ಪು ಮಾಡಿದ್ವಿ.

ಮನೆಯವರಿಗೆ ಮೊದಲೇ ಸುಳಿವು ಸಿಗುತ್ತೆ ಅನ್ನೋದು ಹಳೇ ವಿಷಯ. 1980ರಲ್ಲೇ ಅಮೆರಿಕದ ಸಂಶೋಧಕರಾದ ಹರ್ಜ್ ಮತ್ತು ಮೆಲ್ವಿಲ್ ವಿಚಾರಿಸಿದಾಗ, ಕಾಯಿಲೆ ಮರುಕಳಿಸೋ ಮುಂಚೆ ಬದಲಾವಣೆ ಕಂಡಿತ್ತು ಅಂದವರು ರೋಗಿಗಳಲ್ಲಿ 100ಕ್ಕೆ 70, ಮನೆಯವರಲ್ಲಿ 93. ನಿದ್ದೆಗೆಡೋದು, ಸಿಡಿಮಿಡಿ, ಅನುಮಾನ, ಇಂಥವೇ. ಕಷ್ಟ ಇದ್ದಿದ್ದು ಅದನ್ನ ಡಾಕ್ಟರ್‌ಗೆ ಬೇಗ ಮುಟ್ಟಿಸೋದ್ರಲ್ಲಿ.

ಆ ಕೆಲಸಕ್ಕೆ ಎಸ್ಸೆಮ್ಮೆಸ್ ಹಿಡ್ಕೊಂಡವರು ಜೆಕ್ ದೇಶದವರು, ಆ ಏರ್ಪಾಡಿನ ಹೆಸರು ಐಟಾರೆಪ್ಸ್. ವಾರಕ್ಕೊಂದ್ಸಲ ರೋಗಿಗೂ ಮನೆಯವರಿಗೂ ಬೇರೆಬೇರೆ ಹತ್ತು ಪ್ರಶ್ನೆ, ಉತ್ತರ ನಂಬರಲ್ಲಿ, ಅಂಕ ಮಿತಿ ದಾಟಿದ್ರೆ ಡಾಕ್ಟರ್‌ಗೆ ಇಮೇಲ್, ಅವರು ಮಾತ್ರೆ ಡೋಸ್ ಸುಮಾರು 20% ಏರಿಸಬೇಕು. 2008ರ ಮೊದಲ ವರದೀಲಿ ಆಸ್ಪತ್ರೆ ಸೇರೋದು 60% ಇಳೀತು ಅಂತ ಬಂತು. ಆದ್ರೆ 2012ರಲ್ಲಿ ಎರಡು ಗುಂಪು ಮಾಡಿ ಸರಿಯಾಗಿ ಹೋಲಿಸಿದ್ರೆ ಒಟ್ಟಾರೆ ವ್ಯತ್ಯಾಸನೇ ಕಾಣಲಿಲ್ಲ, ಯಾಕಂದ್ರೆ ಅಲರ್ಟ್ ಹೋದ್ರೂ ಎಷ್ಟೋ ಸಲ ಡೋಸ್ ಬದಲಾಗ್ಲೇ ಇಲ್ಲ. ಅದನ್ನೇ ಜಪಾನ್‌ನವರು ಮನೆಗೆ ಹೋಗೋ ನರ್ಸ್‌ಗಳ ಜೊತೆ ಸೇರಿಸಿದಾಗ ಅಡ್ಮಿಷನ್ ಕಮ್ಮಿ ಆಯ್ತು. ನನ್ನ ಪ್ರಕಾರ ಈ ಇಡೀ ಕತೇಲಿ ಮುಖ್ಯವಾಗಿ ನೋಡಬೇಕಾದ್ದು ಇದನ್ನೇ, ಅಲರ್ಟ್ ಹೋದ್ರೆ ಸಾಲದು, ಅದನ್ನ ನೋಡಿ ಯಾರಾದ್ರೂ ಏನಾದ್ರೂ ಮಾಡ್ಬೇಕು.

ಆಮೇಲೆ ಸ್ಮಾರ್ಟ್‌ಫೋನ್ ಬಂತು, ಪ್ರಶ್ನೆ ಕೇಳದೇನೇ ಓಡಾಟ, ಕರೆ, ಮೆಸೇಜ್ ಎಲ್ಲಾ ಗಮನಿಸೋ ಹಾಗಾಯ್ತು. 2018ರಲ್ಲಿ ಹಾರ್ವರ್ಡ್ ಕಡೆಯವರು 17 ಜನರ ಫೋನ್ ನೋಡಿದಾಗ ಕಾಯಿಲೆ ಮರುಕಳಿಸೋ ಹಿಂದಿನ ಎರಡು ವಾರದಲ್ಲಿ ಇವುಗಳಲ್ಲಿ ಏರುಪೇರು ಬೇರೆ ಸಮಯಕ್ಕಿಂತ 71% ಜಾಸ್ತಿ ಇತ್ತು. ಜನ ತೀರಾ ಕಮ್ಮಿ, ನಿಜ. ನಮ್ಮ ಬೆಂಗಳೂರಿನ ನಿಮ್ಹಾನ್ಸ್, ಭೋಪಾಲದ ಸಂಗಾತ್ ಅನ್ನೋ ಸಂಸ್ಥೆ, ಬಾಸ್ಟನ್‌ನವರು ಸೇರಿ ಮೈಂಡ್‌ಲ್ಯಾಂಪ್ ಆ್ಯಪ್‌ನಲ್ಲಿ ಮಾಡಿದ, 2023ರಲ್ಲಿ ಬಂದ ಅಧ್ಯಯನದಲ್ಲೂ ಹಿಂದಿನ ತಿಂಗಳಲ್ಲಿ ಏರುಪೇರು ಎರಡು ಪಟ್ಟಿಗಿಂತ ಜಾಸ್ತಿ ಕಂಡಿತು.

ಆದ್ರೆ ಒಂದು ಮಾತು, ಮೊದಲೇ ಅನುಮಾನದಿಂದ ನರಳೋರ ಫೋನಿಗೆ ಅವರನ್ನ ಕೇಳದೆ ಇಂಥದ್ದೇನೂ ಹಾಕಲೇಬಾರದು.

ನಾವು ಆ್ಯಪ್ ಗೀಪ್ ಏನೂ ಹಾಕಿಲ್ಲ. ಭಾನುವಾರ ಸಂಜೆ ನಿದ್ದೆ, ಸಿಟ್ಟು, ಅನುಮಾನಕ್ಕೆ ಅವನೂ ಚಿಕ್ಕಮ್ಮನೂ ಬೇರೆಬೇರೆ ನಂಬರ್ ಬರೆದು (ನಂಬರ್ ಜಾಸ್ತಿ ಆದಷ್ಟೂ ತೊಂದರೆ ಜಾಸ್ತಿ) ವಾಟ್ಸಾಪ್ ಮಾಡ್ತಾರೆ, ಹಾಗಂತ ಅವನೇ ಒಪ್ಪಿದ್ದಾನೆ. ಹೋದ ತಿಂಗಳು ನಿದ್ದೆಗೆ ಅವನು ಒಂದು ಹಾಕಿದ್ದ, ಚಿಕ್ಕಮ್ಮ ನಾಲ್ಕು. ಸೋಮವಾರ ಬೆಳಿಗ್ಗೆ ಏಳಕ್ಕೇ ಓಪಿಡಿ ಕ್ಯೂನಲ್ಲಿದ್ವಿ.