0.7 ಎಂಬ ಸಂಖ್ಯೆ ಕೈಪಿಡಿಯಲ್ಲಿ ಏಕಿರಬೇಕು?

ಅಕ್ಷರಜೋಡಣೆಯ ತಂತ್ರಾಂಶಗಳಿಗೆ ಬಳಕೆದಾರರ ಕೈಪಿಡಿ ಬರೆಯುವಾಗ ಪ್ರತಿ ಅಧ್ಯಾಯದಲ್ಲೂ ನನಗೆ ಎದುರಾಗುವ ಪ್ರಶ್ನೆ ಒಂದೇ: ತಂತ್ರಾಂಶದ ಒಳಗೆ ನಡೆಯುವುದರಲ್ಲಿ ಎಷ್ಟನ್ನು ಓದುಗರಿಗೆ ಹೇಳಬೇಕು? ತಂತ್ರಾಂಶವನ್ನು ಕಟ್ಟಿದವರು ತಾವು ಬಿಡಿಸಿದ ಕಗ್ಗಂಟುಗಳೆಲ್ಲ ವಿವರವಾಗಿ ಬರಲಿ ಎಂದು ಬಯಸುತ್ತಾರೆ. ಅದನ್ನು ಕಲಿಸುವವರು ಯಾವ ಕೆಲಸಕ್ಕೆ ಯಾವ ಆಜ್ಞೆ ಎಂದು ತಿಳಿಸಿದರೆ ಸಾಕು ಎನ್ನುತ್ತಾರೆ. ಇಬ್ಬರ ಮಾತನ್ನೂ ಕೇಳಿಸಿಕೊಂಡ ಮೇಲೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇಷ್ಟು: ಪುಟದಲ್ಲಿ ಕಣ್ಣಿಗೆ ಬೀಳುವ ಫಲಿತಾಂಶವೊಂದಕ್ಕೆ ಯಾವ ವಿವರ ಕಾರಣವಾಗಿದೆಯೋ, ಯಾವುದನ್ನು ತಿಳಿದರೆ ಬಳಕೆದಾರರ ಮುಂದಿನ ಹೆಜ್ಜೆ ಬದಲಾಗುತ್ತದೆಯೋ, ಅದು ಎಷ್ಟೇ ಒಳಗಿನ ಸಂಗತಿಯಾದರೂ ಕೈಪಿಡಿಗೆ ಸೇರಬೇಕು.

ಚಿತ್ರಗಳ ಸ್ಥಾನದ ವಿಷಯದಲ್ಲಿ ಇದನ್ನು ನಾನು ಚೆನ್ನಾಗಿ ಕಲಿತೆ. ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದ ಮೇಲೆ ಕಟ್ಟಿದ ಲೇಟೆಕ್‌ನಲ್ಲಿ ಚಿತ್ರಗಳೂ ಕೋಷ್ಟಕಗಳೂ ಬರೆದ ಜಾಗದಲ್ಲೇ ನಿಲ್ಲದೆ ತಮಗೆ ಹೊಂದುವ ಕಡೆಗೆ ಸರಿದು ಕೂರುತ್ತವೆ. ಪುಟದ ಮೇಲ್ಭಾಗದಲ್ಲಿ ಕೂರುವ ಚಿತ್ರಗಳು ಪುಟದ ಎತ್ತರದ 0.7 ಪಾಲನ್ನು ಮೀರುವಂತಿಲ್ಲ ಎಂಬ ಮಿತಿಯನ್ನು ಅದರ ಪ್ರಮಾಣಿತ ಶೈಲಿಗಳಲ್ಲಿ ಮೊದಲೇ ನಿಗದಿ ಮಾಡಲಾಗಿದೆ. ಪುಟದ ಮುಕ್ಕಾಲು ಎತ್ತರದ ಚಿತ್ರವೊಂದನ್ನು ಕೊಟ್ಟು, ಮೇಲ್ಭಾಗದಲ್ಲಿ ಮಾತ್ರ ಇಡು ಎಂದು ಕೇಳಿದರೆ, ಅದು ಯಾವ ಪುಟದಲ್ಲೂ ಜಾಗ ಸಿಗದೆ ಕಾಯುತ್ತ ಉಳಿಯುತ್ತದೆ. ಚಿತ್ರಗಳ ಅನುಕ್ರಮ ಕೆಡಬಾರದೆಂಬ ಇನ್ನೊಂದು ನಿಯಮವೂ ಇರುವುದರಿಂದ ನಂತರದ ಚಿತ್ರಗಳೂ ಅದರ ಬೆನ್ನಿಗೆ ತಡೆದು ನಿಂತು, ಕೊನೆಗೆ ಎಲ್ಲವೂ ಅಧ್ಯಾಯದ ಅಥವಾ ಬರಹದ ತುದಿಯಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ನನ್ನ ಮೊದಲ ಕರಡಿನಲ್ಲಿ ‘ಸೂಕ್ತ ಜಾಗ ಸಿಕ್ಕಲ್ಲಿ ಚಿತ್ರವು ಬರುತ್ತದೆ’ ಎಂದಷ್ಟೇ ಇತ್ತು. ಅದನ್ನು ಓದಿ ಪರೀಕ್ಷಿಸಿದವರೊಬ್ಬರು ಚಿತ್ರದ ಆಜ್ಞೆಯನ್ನು ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಸರಿಸುತ್ತ ಅರ್ಧ ದಿನ ಕಳೆದರು. ಚಿತ್ರದ ಎತ್ತರವನ್ನು ಒಂದಿಷ್ಟು ಇಳಿಸಿದ್ದರೆ, ಇಲ್ಲವೇ ಅದು ಪ್ರತ್ಯೇಕ ಪುಟದಲ್ಲಿ ಬರಲು ಅನುಮತಿ ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಓದಲು ಸುಲಭವಾಗಲಿ ಎಂದು ನಾನು ಬಿಟ್ಟಿದ್ದ ಸಂಖ್ಯೆಯೇ ಅವರಿಗೆ ಆ ದಿನ ಬೇಕಾಗಿತ್ತು.

ಸಾಲು ಮುರಿಯುವ ವಿಷಯದಲ್ಲಿ ತೀರ್ಮಾನ ಇಷ್ಟು ನೇರವಲ್ಲ. ಟೆಕ್ ಸಾಲುಗಳನ್ನು ಒಂದಾದ ಮೇಲೊಂದರಂತೆ ಮುರಿಯುತ್ತ ಹೋಗುವುದಿಲ್ಲ. ಅದರ ಕರ್ತೃ ಡೊನಾಲ್ಡ್ ಕನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ವಿವರಿಸಿದ ವಿಧಾನದಂತೆ ಇಡೀ ಪ್ಯಾರಾವನ್ನು ಒಟ್ಟಿಗೆ ತೂಗಿ ನೋಡಿ ಮುರಿತಗಳನ್ನು ಆರಿಸುತ್ತದೆ. ಹೀಗಾಗಿ ಪ್ಯಾರಾದ ಕೊನೆಯ ಭಾಗದಲ್ಲಿ ಒಂದು ಪದ ತಿದ್ದಿದರೆ ಮೊದಲ ಸಾಲಿನ ಮುರಿತವೂ ಬದಲಾಗಬಹುದು. ಕರಡು ತಿದ್ದುವವರಿಗೆ ಇದು ಗೊತ್ತಿಲ್ಲದಿದ್ದರೆ ತಾವು ಮುಟ್ಟದ ಸಾಲು ಅಲುಗಿದ್ದನ್ನು ಕಂಡು ತಂತ್ರಾಂಶ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆದ್ದರಿಂದ ಈ ಸಂಗತಿ ಕೈಪಿಡಿಯಲ್ಲಿ ಇರಲೇಬೇಕು. ಸಾಲೊಂದರ ಪದಗಳ ನಡುವಿನ ಜಾಗ ಎಷ್ಟು ಹಿಗ್ಗಿದೆ ಎಂಬ ಅನುಪಾತದ ಘನವನ್ನು ನೂರರಿಂದ ಗುಣಿಸಿ ಆ ಸಾಲಿನ ದೋಷವನ್ನು ಅಂದಾಜು ಮಾಡುವ ಸೂತ್ರ ಮಾತ್ರ ಬೇಡ. ಅದು ಬಹಳ ಸೊಗಸಾದ ಸೂತ್ರ, ಬಿಡುವಾಗ ನನಗೆ ಪ್ರತಿ ಸಲವೂ ಮನಸ್ಸು ಹಿಂಜರಿಯುತ್ತದೆ. ಆದರೆ ಬಳಕೆದಾರರು ತಿರುಗಿಸಬಹುದಾದ ತಿರುಪು ಅಲ್ಲಿಲ್ಲ. ಅವರ ಕೈಯಲ್ಲಿರುವುದು ಆ ದೋಷವನ್ನು ಎಷ್ಟರ ಮಟ್ಟಿಗೆ ಸಹಿಸಬೇಕು ಎಂಬ ಮಿತಿ. ಸಾಮಾನ್ಯವಾಗಿ 200 ಇರುವ ಈ ಮಿತಿಯನ್ನು ಏರಿಸಿದಂತೆ ಸಾಲುಗಳು ಅಂಚನ್ನು ದಾಟಿ ಚಾಚುವುದು ಕಡಿಮೆಯಾಗುತ್ತದೆ, ಅದಕ್ಕೆ ಬದಲಾಗಿ ಪದಗಳ ನಡುವೆ ಬಿರುಕು ಹೆಚ್ಚುತ್ತದೆ. 10000ಕ್ಕೆ ಏರಿಸಿದರೆ ಎಷ್ಟೇ ಸಡಿಲವಾದ ಸಾಲೂ ಒಪ್ಪಿಗೆಯಾಗುತ್ತದೆ. ಇಷ್ಟನ್ನು ಹೇಳಿ, ಒಂದೇ ಪ್ಯಾರಾವನ್ನು ಎರಡು ಮಿತಿಗಳಲ್ಲಿ ಜೋಡಿಸಿ ಪಕ್ಕಪಕ್ಕದಲ್ಲಿ ತೋರಿಸಿದರೆ ಸೂತ್ರದ ಕೊರತೆ ಕಾಣುವುದಿಲ್ಲ.

ಅಡ್ಡ ಉಲ್ಲೇಖಗಳ, ಅಂದರೆ ‘ಇಂತಿಷ್ಟನೆಯ ಪುಟ ನೋಡಿ’ ಎಂಬಂಥ ಸೂಚನೆಗಳ, ವಿಷಯ ಚಿಕ್ಕದು. ಮೊದಲ ಸಲ ಸಂಸ್ಕರಿಸಿದಾಗ ಲೇಟೆಕ್ ಪುಟಸಂಖ್ಯೆಗಳನ್ನು ಒಂದು ಸಹಾಯಕ ಕಡತಕ್ಕೆ ಬರೆದಿಟ್ಟು, ಎರಡನೆಯ ಸಲ ಅದನ್ನು ಓದುತ್ತದೆ. ಮೊದಲ ಸಲ ಸಂಖ್ಯೆಯ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳು ಕಾಣುವುದು ಇದೇ ಕಾರಣಕ್ಕೆ. ಆ ಕಡತದ ಒಳರಚನೆ ಬೇಡ, ಅದು ಇದೆ ಎಂಬುದು ಬೇಕು.

ವಿವರವನ್ನು ಸೇರಿಸುವುದೋ ಬಿಡುವುದೋ ಎಂಬಷ್ಟೇ ಮುಖ್ಯವಾದದ್ದು ಅದನ್ನು ಎಲ್ಲಿ ಇಡಬೇಕು ಎಂಬುದು. ಟೆಕ್‌ನಲ್ಲಿ ಒಂದು ಇಂಚಿಗೆ 72.27 ಪಾಯಿಂಟ್, ಪುಟಗಳನ್ನು ಮುದ್ರಕಕ್ಕೆ ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ 72. ಹೀಗಾಗಿ ಎ4 ಹಾಳೆಯ ಎತ್ತರ ಒಂದರಲ್ಲಿ ಸುಮಾರು 845 ಪಾಯಿಂಟ್ ಆದರೆ ಇನ್ನೊಂದರಲ್ಲಿ ಸುಮಾರು 842. ಇದನ್ನು ಅಳತೆಗಳ ಅಧ್ಯಾಯದ ಆರಂಭದಲ್ಲೇ ಹೇಳಬೇಕು, ಏಕೆಂದರೆ ಬೇರೆ ತಂತ್ರಾಂಶದಿಂದ ಅಳತೆ ತರುವವರೆಲ್ಲರಿಗೂ ಇದು ತಟ್ಟುತ್ತದೆ. ಟೆಕ್ ತನ್ನೊಳಗೆ ಪಾಯಿಂಟನ್ನು 65536 ಭಾಗ ಮಾಡಿ ಲೆಕ್ಕವಿಡುವುದರಿಂದ ಯಾವ ಅಳತೆಯೂ 16384 ಪಾಯಿಂಟನ್ನು, ಅಂದರೆ ಸುಮಾರು 5.76 ಮೀಟರನ್ನು, ಮುಟ್ಟುವಂತಿಲ್ಲ ಎಂಬುದಾದರೋ ಆ ಮಿತಿಗೆ ಬಡಿದವರಿಗೆ ಮಾತ್ರ ಬೇಕಾದ ಮಾತು. ಅದರ ಜಾಗ ದೋಷ ಸಂದೇಶಗಳ ಪಟ್ಟಿ.

ಕನೂತ್ 1984ರಲ್ಲಿ ಪ್ರಕಟಿಸಿದ ಟೆಕ್ ಕೈಪಿಡಿಯಲ್ಲಿ ಕಠಿಣ ಭಾಗಗಳ ಪಕ್ಕ ರಸ್ತೆಯ ಅಪಾಯಕಾರಿ ತಿರುವಿನ ಫಲಕವನ್ನು ಮುದ್ರಿಸಿದರು; ಮೊದಲ ಓದಿನವರು ಆ ಭಾಗಗಳನ್ನು ದಾಟಿ ಹೋಗಬಹುದು. ಮೊದಲು ಸರಳವಾಗಿ ಹೇಳಿದ ಕೆಲವು ನಿಯಮಗಳು ಮುಂದೆ ಪೂರ್ತಿ ನಿಜವಲ್ಲವೆಂದು ತಿಳಿಯುತ್ತದೆ ಎಂದೂ ಮುನ್ನುಡಿಯಲ್ಲೇ ಎಚ್ಚರಿಸಿದರು. ಮೊದಲಿನಿಂದ ಕೊನೆಯವರೆಗೆ ಓದುವ ಪುಸ್ತಕಕ್ಕೆ ಈ ಕ್ರಮ ಒಪ್ಪುತ್ತದೆ. ಆದರೆ ಇಂದಿನ ಬಳಕೆದಾರರು ಕೈಪಿಡಿಯನ್ನು ನಡುವಿನಲ್ಲಿ ತೆರೆಯುತ್ತಾರೆ, ತಮಗೆ ಬೇಕಾದ ಪದವನ್ನು ಹುಡುಕಿ ಎರಡು ಸಾಲು ಓದಿ ಮುಚ್ಚುತ್ತಾರೆ. ಇಪ್ಪತ್ತು ಪುಟಗಳಾಚೆ ಇರುವ ತಿದ್ದುಪಡಿ ಅವರನ್ನು ತಲುಪುವುದಿಲ್ಲ. ಅದಕ್ಕಾಗಿ ಅಪವಾದವನ್ನು ನಾನು ನಿಯಮದ ವಾಕ್ಯದೊಳಗೇ ಇಡುತ್ತೇನೆ: ‘ಚಿತ್ರವನ್ನು ಇಲ್ಲೇ ಇಡು ಎಂದು ಕೇಳಿದರೆ, ಆ ಪುಟದಲ್ಲಿ ಅದಕ್ಕೆ ಸಾಕಷ್ಟು ಜಾಗ ಉಳಿದಿದ್ದು, ಅದಕ್ಕಿಂತ ಮೊದಲಿನ ಚಿತ್ರ ಯಾವುದೂ ಕಾಯುತ್ತಿಲ್ಲದಿದ್ದರೆ ಮಾತ್ರ ಅದು ಅಲ್ಲಿ ಬರುತ್ತದೆ.’