ಬ್ಯಾಲೆನ್ಸಿಂಗ್ ಮಾಡಿಸಿದರೂ ಹಳೆ ಅಂಬಾಸಿಡರ್‌ನ ಹಿಂದಿನ ಚಕ್ರ ಆಡುತ್ತಿದೆ, ಯಾಕೆ?

ಪ್ರಶ್ನೆ: ನಮ್ಮದು 1971ರ ಅಂಬಾಸಿಡರ್ ಮಾರ್ಕ್ 2. ಹೋದ ವರ್ಷ ಪೇಂಟ್ ಮಾಡಿಸಿ ಮತ್ತೆ ರಸ್ತೆಗೆ ಇಳಿಸಿದೆವು. ತುಮಕೂರಿನಿಂದ ಬಿ.ಎಚ್. ರೋಡಿನಲ್ಲಿ ಗುಬ್ಬಿ ಕಡೆ ಹೋಗುವಾಗ ಬೈಕಿನವರು ಪಕ್ಕಕ್ಕೆ ಬಂದು ‘ಸಾರ್, ಹಿಂದಿನ ಎಡಗಡೆ ಚಕ್ರ ಆಡ್ತಿದೆ’ ಅಂತಾರೆ. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಆಯಿತು. ಒಬ್ಬ ಮೆಕ್ಯಾನಿಕ್ ಬೇರಿಂಗ್ ಅಂತಾರೆ, ಇನ್ನೊಬ್ಬರು ಆಕ್ಸಲ್ ಬೆಂಡ್ ಅಂತಾರೆ. ಯಾರ ಮಾತು ನಂಬಲಿ?

ಉತ್ತರ: ಸದ್ಯಕ್ಕೆ ಯಾರದ್ದೂ ಬೇಡ. ಇಬ್ಬರೂ ಚಕ್ರ ಬಿಚ್ಚಿ ನೋಡಿಲ್ಲ ಅನ್ನಿಸುತ್ತದೆ. ಬ್ಯಾಲೆನ್ಸಿಂಗ್ ಸರಿಮಾಡುವುದು ತೂಕದ ಹೆಚ್ಚು ಕಡಿಮೆಯನ್ನು ಮಾತ್ರ. ಸೊಟ್ಟ ರಿಮ್ಮಿಗೆ ಎಷ್ಟು ಸೀಸ ಹೊಡೆದರೂ ಅದು ಸೊಟ್ಟವೇ. ಹಿಂದೆ ಬರುವವರ ಕಣ್ಣಿಗೆ ಕಾಣುವಷ್ಟು ಚಕ್ರ ಆಡುತ್ತಿದ್ದರೆ ಅದು ತೂಕದ ಸಮಸ್ಯೆ ಅಲ್ಲ. ಒಂದೋ ಏನೋ ಸೊಟ್ಟಗಿದೆ, ಇಲ್ಲ ಏನೋ ಸಡಿಲ ಇದೆ. ಇವೆರಡರಲ್ಲಿ ಯಾವುದು ಅಂತ ಮೊದಲು ಗೊತ್ತಾಗಬೇಕು. ಅಲ್ಲಿವರೆಗೆ ಒಂದು ರೂಪಾಯಿಯ ಸಾಮಾನೂ ತರಬೇಡಿ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಮೊದಲು ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ನಗಬೇಡಿ, ಎಷ್ಟೋ ಸಲ ಕಥೆ ಇಲ್ಲೇ ಮುಗಿಯುತ್ತದೆ. ನಟ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಹೊರಟಿದ್ದರೆ ಅದು ಸಡಿಲವಾಗಿ ಓಡಿದೆ ಅಂತ ಅರ್ಥ. ಹಾಗಿದ್ದರೆ ಚಕ್ರ ಬಿಚ್ಚಿದಾಗ ರಿಮ್ಮಿನ ತೂತುಗಳನ್ನು ನೋಡಿ. ದುಂಡಗಿರಬೇಕಾದ ತೂತು ಉದ್ದಕ್ಕೆ ಸವೆದಿದ್ದರೆ ಆ ರಿಮ್ ಗುಜರಿಗೆ. ಎಷ್ಟು ಬಿಗಿ ಮಾಡಿದರೂ ಅದು ಮತ್ತೆ ಸಡಿಲ ಆಗುತ್ತದೆ.

ನಟ್ಟು ಸರಿ ಇದ್ದರೆ ಹಿಂದಿನ ಎಡ ಚಕ್ರ ಎತ್ತಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಲೇಬೇಕು. ಬರೀ ಜಾಕ್ ನಂಬಬೇಡಿ. ಹಾಲೋ ಬ್ಲಾಕ್ ಅಂತೂ ಬೇಡವೇ ಬೇಡ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿದರೆ ನೆಲದ ಮೇಲಿರುವ ಇನ್ನೊಂದು ಚಕ್ರ ಕಾರನ್ನು ಸ್ಟ್ಯಾಂಡಿನಿಂದ ನೂಕಿಬಿಡಬಹುದು.

ಈಗ ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು, ಒಂದನ್ನು ನೂಕಿ ಇನ್ನೊಂದನ್ನು ಎಳೆಯಿರಿ. ಕಟಕಟ ಅಂತ ಓರೆಯಾಗಿ ಅಲುಗಿದರೆ ಪ್ಲೇ (ಸಡಿಲ) ಇದೆ, ಅಂದರೆ ಬೇರಿಂಗ್ ಅಂದವರ ಮಾತು ನಿಜ. ತಿರುಗಿಸುವಾಗ ಗರಗರ ಅಂದರೆ, ಬ್ರೇಕ್ ಡ್ರಮ್ಮಿನ ಹಿಂದೆ ಆಕ್ಸಲ್ ಆಯಿಲ್ ಜಿನುಗಿದ್ದರೆ ಅನುಮಾನ ಇನ್ನೂ ಗಟ್ಟಿ. ಆಯಿಲ್ ಕುಡಿದ ಬ್ರೇಕ್ ಲೈನಿಂಗ್ ಸರಿಯಾಗಿ ಹಿಡಿಯಲ್ಲ, ಅದನ್ನೂ ಬದಲಿಸಬೇಕು.

ಅಲುಗಲಿಲ್ಲವಾ? ಹಾಗಾದರೆ ಸೊಟ್ಟ ಎಲ್ಲಿದೆ ಅಂತ ಹುಡುಕಬೇಕು. ಇಟ್ಟಿಗೆಯ ಮೇಲೆ ಒಂದು ಸ್ಕ್ರೂಡ್ರೈವರ್ ಇಟ್ಟು, ಅದರ ತುದಿ ರಿಮ್ಮಿನ ಅಂಚಿಗೆ ಮುಟ್ಟೀ ಮುಟ್ಟದ ಹಾಗಿರಲಿ. ಚಕ್ರ ನಿಧಾನಕ್ಕೆ ತಿರುಗಿಸಿ. ಸಂದು 1 ಮಿ.ಮೀ. ಆಸುಪಾಸು ಹೆಚ್ಚು ಕಡಿಮೆ ಆದರೆ ಹಳೆ ಕಬ್ಬಿಣದ ರಿಮ್ಮಿಗೆ ಪರವಾಗಿಲ್ಲ. 2 ಮಿ.ಮೀ. ದಾಟಿದರೆ ಬಿಡುವಂತಿಲ್ಲ. ರಿಮ್ ನೆಟ್ಟಗೆ ತಿರುಗಿ ಟೈರ್ ಮಾತ್ರ ಆಡಿದರೆ ಟೈರಿನ ಒಳಪದರ ಬಿಟ್ಟಿರಬಹುದು. ಉಬ್ಬು ಇದೆಯಾ ಅಂತ ಕೈಯಾಡಿಸಿ ನೋಡಿ. ಟೈರ್ ಮೇಲಿನ ನಾಲ್ಕಂಕಿಯ ತಯಾರಿಕೆ ಸಂಖ್ಯೆಯನ್ನೂ ಓದಿ: 2314 ಅಂದರೆ 2014ರ 23ನೇ ವಾರ. ಶೆಡ್ಡಿನಲ್ಲೇ ನಿಲ್ಲುವ ಕಾರಿನಲ್ಲಿ ಮೇಲಿನ ಅಚ್ಚು (ಟ್ರೆಡ್) ಸವೆಯುವ ಮೊದಲೇ ಟೈರಿಗೆ ವಯಸ್ಸಾಗಿರುತ್ತದೆ.

ರಿಮ್ಮೇ ಆಡುತ್ತಿದ್ದರೆ ಇನ್ನೊಂದು ಪರೀಕ್ಷೆ ಇದೆ. ನನಗೆ ಇದರಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ, ಖರ್ಚು ಒಂದು ತುಂಡು ಸೀಮೆಸುಣ್ಣ. ರಿಮ್ ಜಾಸ್ತಿ ಹೊರಗೆ ಬರುವ ಜಾಗಕ್ಕೆ ಗುರುತು ಹಾಕಿ. ಅದರ ಹತ್ತಿರದ ಸ್ಟಡ್ಡಿಗೂ (ನಟ್ಟು ಕೂರುವ ಬೋಲ್ಟು) ಒಂದು ಗುರುತು ಹಾಕಿ. ಚಕ್ರ ಬಿಚ್ಚಿ, ಎರಡು ಸ್ಟಡ್ ಆಚೆಗೆ ತಿರುಗಿಸಿ ಕೂರಿಸಿ, ಮತ್ತೆ ನೋಡಿ. ರಿಮ್ಮಿನ ಅದೇ ಗುರುತು ಹೊರಗೆ ಬಂದರೆ ತಪ್ಪು ರಿಮ್ಮಿನದು. ಸ್ಟೆಪ್ನಿ ಹಾಕಿ ಓಡಿಸಿ, ಖಾತ್ರಿ ಆಗುತ್ತದೆ. ಗುರುತು ಹಾಕಿದ ಸ್ಟಡ್ಡಿನ ಕಡೆಯೇ ಮತ್ತೆ ಹೊರಗೆ ಬಂದರೆ ರಿಮ್ ಪಾಪ, ತಪ್ಪು ಒಳಗಿದೆ: ಡ್ರಮ್, ಹಬ್ (ಚಕ್ರ ಕೂರುವ ನಡುವಿನ ಭಾಗ) ಅಥವಾ ಆಕ್ಸಲ್.

ಒಳಗಿದೆ ಅಂದ ತಕ್ಷಣ ಆಕ್ಸಲ್‌ಗೆ ಕೈ ಹಾಕಬೇಡಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ‘ಪೇಂಟ್ ಮಾಡಿಸಿ’ ಅನ್ನುವ ಮಾತು. ಚಂದ ಕಾಣಲಿ ಅಂತ ಡ್ರಮ್ಮಿಗೂ ರಿಮ್ಮಿನ ಒಳಮೈಗೂ ದಪ್ಪಗೆ ಬಣ್ಣ ಹೊಡೆದಿರುತ್ತಾರೆ. ಎರಡೂ ಕೂಡುವ ಜಾಗದಲ್ಲಿ ಒಂದು ಕಡೆ ಬಣ್ಣವೋ ತುಕ್ಕಿನ ಹಕ್ಕಳೆಯೋ ಅರ್ಧ ಮಿ.ಮೀ. ದಪ್ಪ ಇದ್ದರೆ ಸಾಕು, 15 ಇಂಚಿನ ರಿಮ್ಮಿನ ಅಂಚಿಗೆ ಬರುವಷ್ಟರಲ್ಲಿ ಅದು 1 ಮಿ.ಮೀ. ದಾಟುತ್ತದೆ. ನಟ್ಟು ಕೂರುವ ಜಾಗದಲ್ಲಿ ಬಣ್ಣ ಇದ್ದರೆ ಅದು ಓಡುತ್ತಾ ಓಡುತ್ತಾ ಉದುರಿ, ನಟ್ಟೂ ಸಡಿಲ ಆಗುತ್ತದೆ. ವೈರ್ ಬ್ರಷ್ ಹಾಕಿ ಕಬ್ಬಿಣ ಕಾಣುವವರೆಗೆ ಉಜ್ಜಿ. ನಟ್ಟಿನ ಚೂಪು ಕಡೆ ರಿಮ್ಮಿಗೆ ಇರಲಿ. ಎದುರು ಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋಗಿ, ಕೊನೇ ಬಿಗಿ ಚಕ್ರ ನೆಲಕ್ಕಿಳಿದ ಮೇಲೆ. 50 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿ. ನನ್ನ ಊಹೆ ಕೇಳಿದರೆ, ನಿಮ್ಮ ಕಾರಿನ ತೊಂದರೆ ಇಲ್ಲೇ ಮುಗಿಯಬಹುದು.

ಡ್ರಮ್ ತೆಗೆದ ಮೇಲೂ ಹಬ್ಬಿನ ಮುಖ ಅದೇ ಸ್ಕ್ರೂಡ್ರೈವರ್ ತುದಿಗೆ ಹತ್ತಿರ ದೂರ ಆದರೆ ಮಾತ್ರ ಹಬ್ ಅಥವಾ ಆಕ್ಸಲ್ ಶಾಫ್ಟ್ ಬೆಂಡ್ ಅನ್ನಿ. ಲೇತ್ ಅಂಗಡಿಯಲ್ಲಿ ಗ್ಯಾಸ್‌ನಿಂದ ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಕಾಯಿಸಿದ ಶಾಫ್ಟಿನ ಗಟ್ಟಿತನ ಹೋಗುತ್ತದೆ, ಅದು ಮುಂದೆ ಮುರಿಯಬಹುದು. ಅಂಬಾಸಿಡರ್ 2014ರವರೆಗೂ ತಯಾರಾದ ಕಾರು, ಸಾಮಾನು ಹುಡುಕಿದರೆ ಸಿಗುತ್ತದೆ. ಆದರೆ ಎಲ್ಲಾ ಮಾಡೆಲ್‌ನದೂ ಒಂದೇ ಅಂದುಕೊಳ್ಳಬೇಡಿ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಇದೇ ಸಮಯಕ್ಕೆ ಆಕ್ಸಲನ್ನು ಪಟ್ಟಾ ಸ್ಪ್ರಿಂಗಿಗೆ ಬಿಗಿದಿಡುವ ಯು-ಬೋಲ್ಟುಗಳನ್ನೂ ಒಮ್ಮೆ ನೋಡಿ. ಅವು ಸಡಿಲ ಇದ್ದರೆ ಚಕ್ರವಲ್ಲ, ಇಡೀ ಹಿಂಭಾಗವೇ ಓಲಾಡುತ್ತದೆ.

ಪ್ಲೇ ಸಿಕ್ಕಿದ್ದರೆ ಮಾತ್ರ ‘ನಿಧಾನಕ್ಕೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗ್ತೀನಿ’ ಅನ್ನಬೇಡಿ. ಟೋಯಿಂಗ್‌ಗೆ ಫೋನ್ ಮಾಡುವಾಗ ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಗಾಡಿಯೇ ಬೇಕು ಅಂತ ಹೇಳಿ. ಮುಂಭಾಗ ಎತ್ತಿ ಎಳೆಯುವ ಗಾಡಿ ಬಂದರೆ ದಾರಿಯುದ್ದಕ್ಕೂ ನೆಲದ ಮೇಲೆ ಉರುಳುವುದು ಆ ಕೆಟ್ಟ ಚಕ್ರವೇ.