ಉಪ್ಪು ಸುರಿದರೂ ಕ್ಲೋರಿನ್ ಸೊನ್ನೆ, ಯಾಕೆ?

ಪ್ರಶ್ನೆ: ನಮ್ಮದು ಗೋಕರ್ಣದ ಹತ್ತಿರ ಸಣ್ಣ ಹೋಂಸ್ಟೇ. ಹೋದ ವರ್ಷ ಉಪ್ಪುನೀರಿನ ಪೂಲ್ ಮಾಡಿಸಿದೆವು. 60 ಸಾವಿರ ಲೀಟರ್ ನೀರು ಹಿಡಿಯುತ್ತದೆ, ಆಳ ಸರಾಸರಿ ಐದು ಅಡಿ. ಮಾಡಿಕೊಟ್ಟವರು "ಉಪ್ಪು ಹಾಕಿದ್ರೆ ಸಾಕು, ಕ್ಲೋರಿನ್ ತಲೆಬಿಸಿ ಇಲ್ಲ" ಅಂದಿದ್ದರು. ಮಳೆಗಾಲ ಮುಗಿಯುತ್ತಿದ್ದ ಹಾಗೆ ನೀರು ಹಸಿರಾಗಿದೆ. ಕ್ಲೋರಿನ್ ಪರೀಕ್ಷೆ ಮಾಡಿದರೆ ಸೊನ್ನೆ. 50 ಕೆಜಿಯ ಎರಡು ಮೂಟೆ ಉಪ್ಪು ಸುರಿದೆವು, ಏನೂ ಆಗಲಿಲ್ಲ. ಇನ್ನೂ ಎಷ್ಟು ಹಾಕಬೇಕು?

ಉತ್ತರ: ಮೂರನೇ ಮೂಟೆ ಬಿಚ್ಚುವ ಮೊದಲು ಸ್ವಲ್ಪ ತಡೆಯಿರಿ. ನಿಮ್ಮ ಪೂಲಿಗೆ ಇನ್ನೂ ಉಪ್ಪು ಬೇಕಾಗಬಹುದು, ಲೆಕ್ಕ ಮುಂದೆ ಹಾಕೋಣ. ಆದರೆ ಬರೀ ಉಪ್ಪಿಗೆ ಈ ಹಸಿರು ಹೋಗುವುದಿಲ್ಲ. ಮಳೆಯಲ್ಲಿ ಕೊಚ್ಚಿಹೋಗಿರುವುದು ಎರಡು ಸಾಮಾನು. ಒಂದು ಉಪ್ಪು. ಅದು ಕಡಿಮೆಯಾದರೆ ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಮಷಿನ್ ಕೆಂಪು ದೀಪ ಹಚ್ಚಿ ಹೇಳುತ್ತದೆ. ಇನ್ನೊಂದು ಸ್ಟೆಬಿಲೈಸರ್, ಬಿಸಿಲಿನಿಂದ ಕ್ಲೋರಿನ್ ಕಾಯುವ ರಾಸಾಯನಿಕ. ಅದರ ಬಗ್ಗೆ ಮಷಿನ್ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಜನ ಉಪ್ಪು ಸುರಿಯುತ್ತಲೇ ಇರುತ್ತಾರೆ.

"ಉಪ್ಪುನೀರಿನ ಪೂಲ್ ಅಂದರೆ ಕ್ಲೋರಿನ್ ಇಲ್ಲದ ಪೂಲ್" ಅನ್ನುವುದು ಮಾರುವವರ ಮಾತು. ಇದೂ ಕ್ಲೋರಿನ್ ಪೂಲೇ. ಕ್ಲೋರಿನ್ ಡಬ್ಬಿಯಲ್ಲಿ ಬರುವ ಬದಲು ಪಂಪ್ ರೂಮಿನಲ್ಲೇ ತಯಾರಾಗುತ್ತದೆ, ಅಷ್ಟೇ. ಮಷಿನ್‌ನಲ್ಲಿ ಕ್ಲೋರಿನ್ ಹುಟ್ಟುವ ಭಾಗವೇ ಸೆಲ್, ಅದರ ಒಳಗೆ ಟೈಟಾನಿಯಂ ತಗಡುಗಳಿರುತ್ತವೆ. ಉಪ್ಪು ಕರಗಿದ ನೀರು ಅವುಗಳ ನಡುವೆ ಹರಿಯುವಾಗ ಕರೆಂಟ್ ಕೊಟ್ಟರೆ ಕ್ಲೋರಿನ್ ಹುಟ್ಟುತ್ತದೆ. ಆ ಕ್ಲೋರಿನ್ ಪಾಚಿಯನ್ನೋ ರೋಗಾಣುವನ್ನೋ ಕೊಂದು ಮುಗಿಸಿದ ಮೇಲೆ ಮತ್ತೆ ಉಪ್ಪಿನ ರೂಪಕ್ಕೇ ಬರುತ್ತದೆ. ಅಂದರೆ ಈ ಕೆಲಸದಲ್ಲಿ ಉಪ್ಪು ಖರ್ಚಾಗುವುದೇ ಇಲ್ಲ. ಬಿಸಿಲಿಗೆ ಆವಿಯಾಗಿಯೂ ಹೋಗುವುದಿಲ್ಲ. ನೀರು ಪೂಲಿನಿಂದ ಹೊರಗೆ ಹರಿದರೆ ಮಾತ್ರ ಅದರ ಜೊತೆ ಹೋಗುತ್ತದೆ. ಮಕ್ಕಳು ಎರಚುವುದು, ಫಿಲ್ಟರ್ ಬ್ಯಾಕ್‌ವಾಶ್, ಸೋರಿಕೆ, ಓವರ್‌ಫ್ಲೋ. ನಮ್ಮ ಕರಾವಳಿಯಲ್ಲಿ ಈ ಕೊನೆಯದೇ ದೊಡ್ಡದು.

ಕಾರವಾರದಿಂದ ಭಟ್ಕಳದವರೆಗೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಕೆಲವು ವರ್ಷ ಇನ್ನೂ ಜಾಸ್ತಿ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. 3000 ಮಿಲಿಮೀಟರ್ ಅಂದರೆ ಮೂರು ಮೀಟರ್. ನಿಮ್ಮ ಪೂಲಿನ ಆಳ ಒಂದೂವರೆ ಮೀಟರ್. ತುಂಬಿದ ಪೂಲಿನ ಮೇಲೆ ಇನ್ನೆರಡು ಪೂಲಿನಷ್ಟು ಸಿಹಿನೀರು ಬಿದ್ದು ಹೊರಗೆ ಹರಿದಿದೆ ಅಂತಾಯಿತು. ಬಿದ್ದ ನೀರು ಬೆರೆಯುತ್ತಾ ಹರಿದುಹೋಗಿದ್ದರೆ, ಮೇ ತಿಂಗಳಿನಲ್ಲಿ ಇದ್ದ ಉಪ್ಪಿನ ಏಳನೇ ಒಂದು ಪಾಲು ಮಾತ್ರ ಉಳಿದಿರುತ್ತದೆ. ಮೊದಲು 3200 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಅಳತೆ) ಇತ್ತು ಅಂತಿಟ್ಟುಕೊಳ್ಳಿ, ಈಗ 450ರ ಹತ್ತಿರ. ನೀವು ಹಾಕಿದ 100 ಕೆಜಿ ಉಪ್ಪು 60 ಸಾವಿರ ಲೀಟರಿಗೆ ಸುಮಾರು 1650 ಪಿಪಿಎಂ ಕೊಡುತ್ತದೆ. ಎರಡೂ ಸೇರಿ 2100. ಸಾಮಾನ್ಯವಾಗಿ ಈ ಮಷಿನ್‌ಗಳು ಕೇಳುವುದು 3000ದಿಂದ 4000. ಎರಡು ಮೂಟೆ ಸುರಿದರೂ ಏನೂ ಆಗಲಿಲ್ಲ ಅಂದಿರಲ್ಲ, ಇದಕ್ಕೇ ಇರಬೇಕು. ಉಪ್ಪು ಸಾಲದಿದ್ದರೆ ಎಷ್ಟೋ ಮಷಿನ್‌ಗಳು ಕ್ಲೋರಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತವೆ.

ಇದು ಲೆಕ್ಕ ಅಷ್ಟೇ, ಅಳತೆ ಅಲ್ಲ. ಮಳೆಗಾಲದಲ್ಲಿ ಪಂಪ್ ನಿಲ್ಲಿಸಿಟ್ಟಿದ್ದರೆ ಹಗುರವಾದ ಮಳೆನೀರು ಮೇಲಿಂದ ಮೇಲೇ ಹರಿದುಹೋಗಿ ಅಡಿಯಲ್ಲಿ ಉಪ್ಪು ಜಾಸ್ತಿ ಉಳಿದಿರಬಹುದು. ಅದಕ್ಕೇ ಒಂದು ಉಪ್ಪಿನ ಮೀಟರ್ ಅಥವಾ ಪಟ್ಟಿ ತಂದು ಅಳೆಯಿರಿ. ಮಷಿನ್ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ತಗಡುಗಳಿಗೆ ಬಿಳಿ ಪದರ ಕಟ್ಟಿದ್ದರೆ ಅದು ಉಪ್ಪಿದ್ದರೂ ಇಲ್ಲ ಅನ್ನುತ್ತದೆ. ಆಮೇಲಿನ ಲೆಕ್ಕ ಸುಲಭ. ನಿಮ್ಮ ಪೂಲಿನಲ್ಲಿ 100 ಪಿಪಿಎಂ ಏರಿಸಲು 6 ಕೆಜಿ ಉಪ್ಪು ಬೇಕು. 2100ರಿಂದ 3200ಕ್ಕೆ ಹೋಗಲು 66 ಕೆಜಿ. ಒಮ್ಮೆ ಜಾಸ್ತಿಯಾದರೆ ನೀರು ಹೊರಗೆ ಬಿಟ್ಟು ಹೊಸ ನೀರು ತುಂಬಿಸುವುದೊಂದೇ ದಾರಿ. ಹಾಗಾಗಿ ಮೊದಲು ಮುಕ್ಕಾಲು ಪಾಲು ಹಾಕಿ, ಒಂದು ದಿನ ಪಂಪ್ ಓಡಿಸಿ, ಮತ್ತೆ ಅಳೆಯಿರಿ.

ಯಾವ ಉಪ್ಪು ಅಂತ ನೀವು ಬರೆದಿಲ್ಲ. ಗೋಕರ್ಣ ಅಂದಮೇಲೆ ಸಾಣಿಕಟ್ಟಾ ಉಪ್ಪೇ ಇರಬಹುದು ಅನ್ನುವುದು ನನ್ನ ಊಹೆ. ಉಪ್ಪು ಬೆಳೆಯುವ ಆಗರ ಪಕ್ಕದಲ್ಲೇ ಇರುವಾಗ ಬೇರೆ ಕಡೆಯಿಂದ ಯಾಕೆ ತರಬೇಕು ಅನ್ನಿಸುವುದು ಸಹಜ. ಅಪ್ಪೆಮಿಡಿ ಉಪ್ಪಿನಕಾಯಿಗೆ ನಮ್ಮನೆಯಲ್ಲೂ ಅದೇ ಉಪ್ಪು. ಪೂಲಿಗೆ ಮಾತ್ರ ಬೇಡ. ಆಗರದ ಹರಳುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸ್ವಲ್ಪ ಮಣ್ಣು ಎಲ್ಲ ಇರುತ್ತದೆ. ಬಾಯಿಗೆ ರುಚಿ ಕೊಡುವ ಅವೇ ಸೆಲ್ ತಗಡಿಗೆ ಪದರವಾಗಿ ಕೂರುತ್ತವೆ. ಅಂಗಡಿಯ ಪ್ಯಾಕೆಟ್ ಉಪ್ಪೂ ಬೇಡ, ಅದರಲ್ಲಿ ಅಯೋಡಿನ್ ಇದೆ, ಗಂಟು ಕಟ್ಟದಿರಲು ಸೇರಿಸಿದ ಪುಡಿ ಇದೆ. ಅಯೋಡಿನ್ ಸೇರಿಸದ, 99 ಶೇಕಡಾಕ್ಕಿಂತ ಜಾಸ್ತಿ ಶುದ್ಧ ಅಂತ ಚೀಲದ ಮೇಲೆ ಬರೆದಿರುವ ಉಪ್ಪು ಕೇಳಿ ತನ್ನಿ.

ಈಗ ಮಷಿನ್ ಹೇಳದ ಸಂಗತಿಗೆ ಬರೋಣ. ಸ್ಟೆಬಿಲೈಸರ್ ಅಂದರೆ ಸಯನೂರಿಕ್ ಆಸಿಡ್. ಕ್ಲೋರಿನ್‌ಗೆ ಇದು ಕೊಡೆ ಇದ್ದ ಹಾಗೆ. ಇದಿಲ್ಲದ ಪೂಲಿನಲ್ಲಿ ಬಿರುಬಿಸಿಲಿಗೆ ಒಂದು ಗಂಟೆಯೊಳಗೇ ಅರ್ಧ ಕ್ಲೋರಿನ್ ಹಾಳಾಗುತ್ತದೆ. ನಿಮ್ಮ ಮಷಿನ್ ಗಂಟೆಗೆ 20 ಗ್ರಾಂ ಕ್ಲೋರಿನ್ ಮಾಡುತ್ತದೆ ಅಂತಿಟ್ಟುಕೊಳ್ಳಿ. 60 ಸಾವಿರ ಲೀಟರಿಗೆ ಅದು ಗಂಟೆಗೆ 0.33 ಪಿಪಿಎಂ ಮಾತ್ರ. ಬಿಸಿಲು ತಿನ್ನುವ ವೇಗದ ಮುಂದೆ ಇದು ಯಾವ ಲೆಕ್ಕ? ಉಪ್ಪು ಸರಿಯಿದ್ದು, ದೀಪ ಹಸಿರಾಗಿದ್ದು, ಮಷಿನ್ ಇಡೀ ದಿನ ಓಡಿದರೂ ಸಂಜೆಗೆ ಸೊನ್ನೆ. ಈ ಸ್ಟೆಬಿಲೈಸರ್ ಕೂಡ ಮಳೆನೀರಿನ ಜೊತೆ ಉಪ್ಪಿನಷ್ಟೇ ಪಾಲು ಹೊರಗೆ ಹೋಗಿರುತ್ತದೆ. ಮೇನಲ್ಲಿ 70 ಪಿಪಿಎಂ ಇತ್ತು ಅಂತಿಟ್ಟುಕೊಂಡರೆ ಈಗ 10. ಅಕ್ಟೋಬರ್‌ನಲ್ಲಿ ಮೋಡ ಸರಿದು ಸೆಕೆ, ಬಿಸಿಲು ಎರಡೂ ಏರುತ್ತವೆ. ಆಗಲೇ ಹಸಿರು ಕಾಣಿಸಿಕೊಳ್ಳುವುದು.

ಉಪ್ಪಿನ ಪೂಲಿಗೆ ಸ್ಟೆಬಿಲೈಸರ್ 60ರಿಂದ 80 ಪಿಪಿಎಂ ಇದ್ದರೆ ಒಳ್ಳೆಯದು. 10ರಿಂದ 70ಕ್ಕೆ ಏರಿಸಲು ನಿಮಗೆ 3.6 ಕೆಜಿ ಬೇಕು. ಇದು ಬೇಗ ಕರಗುವುದಿಲ್ಲ. ಹಳೇ ಸಾಕ್ಸಿನಲ್ಲಿ ತುಂಬಿ, ಪೂಲಿಗೆ ನೀರು ಬಂದು ಬೀಳುವ ಬಾಯಿಯ ಮುಂದೆ ಕಟ್ಟಿ ಬಿಡಿ, ಆಗಾಗ ಹಿಂಡಿ. ಪರೀಕ್ಷೆಯಲ್ಲಿ ಕಾಣಿಸಲು ಕೆಲವು ದಿನ ಬೇಕು. "ಏರಲೇ ಇಲ್ಲ" ಅಂತ ಮರುದಿನವೇ ಇನ್ನೊಂದು ಸಾಕ್ಸ್ ಕಟ್ಟಬೇಡಿ. ಇದು ಅತಿಯಾದರೆ ಕ್ಲೋರಿನ್ ಇದ್ದೂ ಕೆಲಸ ಮಾಡದ ಸ್ಥಿತಿಗೆ ಬರುತ್ತದೆ, ಆಗಲೂ ನೀರು ಖಾಲಿ ಮಾಡುವುದೇ ಉಪಾಯ.

ಆದರೆ ಮೊದಲು ಹಸಿರು ತೆಗೆಯಬೇಕು. ಇದಕ್ಕೆ ಕ್ಲೋರಿನ್ ಉತ್ಪಾದನೆ ಏರಿಸುವ ಬೂಸ್ಟ್ ಬಟನ್ ನಂಬಿ ಕೂರುವುದು ವ್ಯರ್ಥ. ಪಾಚಿ ಬೆಳೆಯುವ ವೇಗಕ್ಕೆ ಅದು ಸಾಲುವುದಿಲ್ಲ. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ (ಹೈಪೋ) ತನ್ನಿ. ಅದು ನಿಜಕ್ಕೂ 10 ಶೇಕಡಾ ಇದ್ದರೆ ಒಂದು ಲೀಟರ್ ನಿಮ್ಮ ಪೂಲಿನಲ್ಲಿ ಸುಮಾರು 1.7 ಪಿಪಿಎಂ ಏರಿಸುತ್ತದೆ. ಆರು ಲೀಟರಿಗೆ 10 ಪಿಪಿಎಂ. ಬಿಸಿಲಲ್ಲಿ ಇಟ್ಟ ಹಳೇ ಕ್ಯಾನ್ ಆದರೆ ಶಕ್ತಿ ಅರ್ಧಕ್ಕೆ ಇಳಿದಿರಬಹುದು, ಹೊಸದೇ ಕೇಳಿ. ಸಂಜೆ ಸೂರ್ಯ ಮುಳುಗಿದ ಮೇಲೆ ಹಾಕಿ, ಗೋಡೆ ತಿಕ್ಕಿ, ರಾತ್ರಿಯಿಡೀ ಪಂಪ್ ಓಡಿಸಿ. ನೀರು ತಿಳಿಯಾಗುವವರೆಗೆ ಕ್ಲೋರಿನ್ ಇಳಿಯದಂತೆ ಮತ್ತೆ ಮತ್ತೆ ಹಾಕಬೇಕು. ಅಡಿ ಸ್ಪಷ್ಟವಾಗಿ ಕಾಣುವವರೆಗೆ, ಕ್ಲೋರಿನ್ ಮತ್ತೆ 4ರ ಹತ್ತಿರ ಇಳಿಯುವವರೆಗೆ ಅತಿಥಿಗಳನ್ನು ಇಳಿಸಬೇಡಿ. ಬ್ಲೀಚಿಂಗ್ ಪೌಡರ್ ಕೈಗೆ ಸಿಗುತ್ತದೆ ಅಂತ ಅದನ್ನೇ ಹಾಕುವವರಿದ್ದಾರೆ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತೆ ಸೆಲ್‌ಗೇ ಕೂರುತ್ತದೆ.

ಹಸಿರು ಹೋಯಿತಾ ಇಲ್ಲವಾ ಅನ್ನುವುದಕ್ಕೆ ಕಣ್ಣಿಗಿಂತ ಒಳ್ಳೆಯ ಪರೀಕ್ಷೆ ಒಂದಿದೆ. ಕತ್ತಲಾದ ಮೇಲೆ ಮಷಿನ್ ಆಫ್ ಮಾಡಿ, ಬರೀ ಪಂಪ್ ಓಡಿಸಿ, ಕ್ಲೋರಿನ್ ಅಳೆದು ಬರೆದಿಡಿ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ. ಆದರೂ 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ನೀರಿನಲ್ಲಿ ಪಾಚಿ ಇನ್ನೂ ಇದೆ. ರಾತ್ರಿ ಇಳಿಯದೆ ಹಗಲು ಮಾತ್ರ ಮಾಯವಾದರೆ ಕಳ್ಳ ಬಿಸಿಲು, ಸ್ಟೆಬಿಲೈಸರ್ ನೋಡಿ. ನೂರಾರು ರೂಪಾಯಿಯ ಪುಡಿಗಳಿಗಿಂತ ಈ ಒಂದು ರಾತ್ರಿಯ ಪರೀಕ್ಷೆ ಮೇಲು ಅಂತ ನಾನು ಹೇಳುತ್ತೇನೆ.

ಪರೀಕ್ಷೆಯ ಕಿಟ್ ಬಗ್ಗೆಯೂ ಒಂದು ಮಾತು. ಹಳದಿ ಬಣ್ಣ ಬರುವ ಹನಿ ಒಟ್ಟು ಕ್ಲೋರಿನ್ ತೋರಿಸುತ್ತದೆ. ಅದರಲ್ಲಿ ಬೆವರು, ಮೂತ್ರದ ಜೊತೆ ಸೇರಿ ಕೆಟ್ಟುಹೋದದ್ದೂ ಲೆಕ್ಕಕ್ಕೆ ಬರುತ್ತದೆ. ಪೂಲಿನಲ್ಲಿ ಘಾಟು ವಾಸನೆ ಬರುವುದು ಈ ಕೆಟ್ಟ ಕ್ಲೋರಿನ್‌ದೇ. ನಮಗೆ ಬೇಕಾದದ್ದು ಫ್ರೀ ಕ್ಲೋರಿನ್, ಅಂದರೆ ಇನ್ನೂ ಕೆಲಸಕ್ಕೆ ಸಿಗುವ ಕ್ಲೋರಿನ್, ಅದಕ್ಕೆ ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್. ಇದರಲ್ಲೂ ಒಂದು ಮೋಸವಿದೆ. ಕ್ಲೋರಿನ್ ತೀರಾ ಜಾಸ್ತಿಯಿದ್ದರೆ ಗುಲಾಬಿ ಬಣ್ಣವೇ ಬಿಳಿಚಿಕೊಂಡು ಸೊನ್ನೆಯ ಹಾಗೆ ಕಾಣುತ್ತದೆ. ಹೈಪೋ ಹಾಕಿದ ಮೇಲೆ ಸೊನ್ನೆ ಬಂದರೆ, ಸ್ಯಾಂಪಲ್‌ಗೆ ಕ್ಲೋರಿನ್ ಇಲ್ಲದ ನೀರು ಸಮಸಮ ಬೆರೆಸಿ ಇನ್ನೊಮ್ಮೆ ನೋಡಿ, ಬಂದದ್ದನ್ನು ಎರಡರಿಂದ ಗುಣಿಸಿ.

ಪಿಎಚ್ 7.2ರಿಂದ 7.8ರ ಒಳಗೆ ಇರಲಿ. ಉಪ್ಪಿನ ಪೂಲಿನಲ್ಲಿ ಇದು ತಾನಾಗಿ ಏರುತ್ತಾ ಹೋಗುತ್ತದೆ, ಏರಿದಷ್ಟೂ ಕ್ಲೋರಿನ್ ಮಂದವಾಗುತ್ತದೆ. ಇಳಿಸಲು ಆಸಿಡ್ ಹಾಕುವಾಗ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರಲ್ಲ. ಹೈಪೋ ಕ್ಯಾನ್ ಮತ್ತು ಆಸಿಡ್ ಕ್ಯಾನ್ ಬೇರೆ ಬೇರೆ ಕೋಣೆಯಲ್ಲಿ ಇಡಿ. ಒಂದೇ ಬಕೆಟ್, ಒಂದೇ ಮಗ್ ಎರಡಕ್ಕೂ ಬಳಸಲೇಬೇಡಿ. ಅವೆರಡು ಸೇರಿದರೆ ವಿಷಗಾಳಿ ಏಳುತ್ತದೆ, ಪಂಪ್ ರೂಮಿನಂಥ ಸಣ್ಣ ಜಾಗದಲ್ಲಿ ಜೀವಕ್ಕೇ ಅಪಾಯ.

ನೀರು ತಿಳಿಯಾಗಿ, ಉಪ್ಪು, ಸ್ಟೆಬಿಲೈಸರ್ ಸರಿಯಾದ ಮೇಲೆ ಮಷಿನ್ ಹಚ್ಚಿ. ಫ್ರೀ ಕ್ಲೋರಿನ್ 3ರಿಂದ 4 ಇಟ್ಟುಕೊಳ್ಳಿ. ದಿನಕ್ಕೆ 3 ಪಿಪಿಎಂ ಖರ್ಚಾದರೆ 20 ಗ್ರಾಂ ಮಷಿನ್ ಒಂಬತ್ತು ಗಂಟೆ ಓಡಬೇಕು. ಕರೆಂಟ್ ಹೋದಷ್ಟು ಹೊತ್ತು ಕ್ಲೋರಿನ್ ಹುಟ್ಟುವುದಿಲ್ಲ ಅನ್ನುವುದು ನೆನಪಿರಲಿ. ರಜೆಯ ದಿನ ಹದಿನೈದು ಜನ ಇಳಿದರೆ, ಗಾಳಿಮರದ ಎಲೆ ರಾಶಿ ಬಿದ್ದರೆ ಇನ್ನೆರಡು ಗಂಟೆ ಜಾಸ್ತಿ.

ಮುಂದಿನ ಜೂನ್‌ಗೆ ಒಂದು ಸಲಹೆ. ಮಳೆಗಾಲದಲ್ಲಿ ಅತಿಥಿಗಳು ಕಡಿಮೆಯಾದರೆ ಉಪ್ಪಿನ ದೀಪ ಎಷ್ಟು ಕೆಂಪಾದರೂ ಒಂದು ಮೂಟೆಯನ್ನೂ ಹಾಕಬೇಡಿ. ಅದು ನೇರ ಗಟಾರಕ್ಕೆ ಹೋಗುತ್ತದೆ, ಅಲ್ಲಿಂದ ತೋಟಕ್ಕೆ. ಸೆಲ್ ಆಫ್ ಮಾಡಿ, ದಿನಾ ಸ್ವಲ್ಪ ಹೊತ್ತು ಪಂಪ್ ಓಡಿಸಿ, ಅಳೆದು ಅಳೆದು ಹೈಪೋ ಹಾಕುತ್ತಾ ಪೂಲ್ ಹಸಿರಾಗದಂತೆ ನೋಡಿಕೊಳ್ಳಿ. ಉಪ್ಪಿನ ಲೆಕ್ಕ ಅಕ್ಟೋಬರ್‌ಗೆ.